ಮಳೆಯ ಪ್ರಕಾರ

ಕುತಾಯಿಸಿಯಲ್ಲಿ ಫೆಬ್ರವರಿ.
ಮೇಲ್ಮಹಡಿಯ ಓತಿಯಾನ ಅಡುಗೆಮೇಜಿನ ಮೇಲೆ
ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು, ಅರ್ಧ ತಿಂದ ಖಾಚಪುರಿ,
ಉಣ್ಣೆಯ ಕಾಲುಚೀಲದೊಳಗೆ ಬೆಚ್ಚಗೆ ಒಂದು ಹಾರ್ಡ್ ಡಿಸ್ಕು.
ಮೂವತ್ತೊಂದು ವರ್ಷ ಗೊಂಬೆಯಾಟದ ಥಿಯೇಟರಿಗೆ
ಸದ್ದು ಒದಗಿಸಿದವನು. ಹಾಡೂ ಸದ್ದೇ ಅವನಿಗೆ,
ಬಾಗಿಲ ಕಿರುಗುಟ್ಟೂ ಹಾಡೇ.

"ನಾನೂಲಿ, ನೀನು ಮೊಬೈಲು ರಿಪೇರಿಯವಳು.
ಇದನ್ನೆಲ್ಲ ನುಡಿಸೋಕೆ ಏನಾದರೂ ಹಾಕಿಕೊಡು" ಅಂದ.
'ಏನಾದರೂ' ಅಂದರೆ 'ಏನು ಬೇಕಾದರೂ' ಅಲ್ಲ
ಅಂತ ತಿಳಿಯಲು ನನಗೆ ಮೂರು ದಿನ ಬೇಕಾಯಿತು.

ಮೊದಲನೆಯದು ಬಲು ಚೆಂದ.
ಕಪ್ಪು ಮೈ, ಕುಣಿಯುವ ಹಸಿರು ಗೆರೆ.
ಆದರೆ ಒಂದು ಕಡತ ಮುಗಿದು ಇನ್ನೊಂದು ಹತ್ತುವ ನಡುವೆ
ರೆಪ್ಪೆ ಬಡಿದಷ್ಟು ಮೌನ.
ಓತಿಯಾ ಕೈ ಎತ್ತಿದ: "ಕುದುರೆ ಸತ್ತಿತು."
ಗೊರಸಿನ ಸದ್ದು ಎರಡು ಟೇಪಿನಲ್ಲಿತ್ತಂತೆ,
ನಡುವೆ ಉಸಿರು ಬಿಡುವಂತಿರಲಿಲ್ಲವಂತೆ.
ಕೀಲು ಬಿಟ್ಟ ರಾಜಕುಮಾರ ಗಾಳಿಯಲ್ಲೇ ನೇತಾಡುವುದು
ನನಗೂ ಕಂಡಿತು. ತೆಗೆದುಹಾಕಿದೆ.

ಎರಡನೆಯದು ಕೇಳದೆಯೇ ಎಲ್ಲವನ್ನೂ ಸಮ ಮಾಡಿತು.
ಸಿಂಹದ ಗರ್ಜನೆ, ಇರುವೆಯ ಅಳು, ಒಂದೇ ಎತ್ತರ.
"ಸಮಾನತೆ ಅಂದರೇನು ಅಂತ ನೋಡಿದವನು ನಾನು,
ಆಗಲೂ ಇಷ್ಟಿರಲಿಲ್ಲ."

ಮೂರನೆಯದಕ್ಕೆ ನಮ್ಮ ಲಿಪಿ ಬಾರದು.
ಕೊಂಡಿ ಕೊಂಡಿಯ ಅಕ್ಷರಗಳೆಲ್ಲ
ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ
ನನ್ನನ್ನೇ ದಿಟ್ಟಿಸಿದವು.

ಅಳೆದೂ ಸುರಿದೂ ನಾಲ್ಕನೆಯದು ಹಾಕಿದೆ.
ಬೂದುಬಣ್ಣ, ಮೈಮೇಲೆ ಒಂದು ಗುಂಜಿ ಒಡವೆಯಿಲ್ಲ.
ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ.
ಫೋಲ್ಡರು ತೋರಿಸಿದೆ. ಎಣಿಸತೊಡಗಿತು.
ಏಳು ಸಾವಿರಕ್ಕೆ ಕರೆಂಟು ಹೋಯಿತು.
ಮೇಣದಬತ್ತಿಯಲ್ಲಿ ಚಹಾ.
ಮತ್ತೆ ಒಂದರಿಂದ.
ಹನ್ನೊಂದು ಸಾವಿರದ ನಾನೂರಾ ಆರು.

ಒಂದೇ ಒಂದು ತಪ್ಪು ಮಾಡಿದೆ, ನಿದ್ದೆಗಣ್ಣಲ್ಲಿ:
'ಇಲ್ಲದ ವಿವರ ಇಂಟರ್‌ನೆಟ್ಟಿನಿಂದ ತುಂಬಲೇ?'
ಎಂಬ ಚೌಕಕ್ಕೆ ಹೂಂ ಅಂದೆ.

ಬೆಳಗಾಗುವಷ್ಟರಲ್ಲಿ 'ಮಳೆ ನಾಲ್ಕು'
ಯಾರದೋ ಧ್ಯಾನದ ಆಲ್ಬಮ್ಮಿನ ಒಂಬತ್ತನೇ ತುಣುಕಾಗಿತ್ತು.
ಮುಖಪುಟದಲ್ಲಿ ನೀಲಿ ತಾವರೆ.
ಪ್ರಕಾರ: ನಿದ್ರೆ.

ಓತಿಯಾ ಕನ್ನಡಕ ಒರೆಸಿದ. ಇನ್ನೊಮ್ಮೆ ಒರೆಸಿದ.
"ಇವರು ಯಾರು?"
ಗೊತ್ತಿಲ್ಲ.
"ಇದು ಮಳೆಯೇ ಅಲ್ಲ.
ತಗಡಿನ ತಟ್ಟೆಯ ಮೇಲೆ ಅಕ್ಕಿ. ಎಂಬತ್ಮೂರನೇ ಇಸವಿ.
ಅಂಗಡಿಯಲ್ಲಿ ಸಿಗುತ್ತಿರಲಿಲ್ಲ,
ಗೊಂಬೆಗಳಿಗೆ ಬಟ್ಟೆ ಹೊಲಿಯುವ ಝುಝುನಾ
ಮನೆಯಿಂದ ತಂದಳು, ಸೆರಗಿಲ್ಲದವಳು, ಟೋಪಿಯಲ್ಲಿ.
ಆರು ಸಲ ಸುರಿದೆವು.
ಆಮೇಲೆ ನೆಲದಿಂದ ಆರಿಸಿ, ತೊಳೆದು,
ಬೇಯಿಸಿ ತಿಂದೆವು. ಎಂಟು ಜನ."

ತಾವರೆ ಅಳಿಸಿದೆ.
ಕಲಾವಿದರು? "ಝುಝುನಾ, ಅಕ್ಕಿ."
ಪ್ರಕಾರ?
ಪಟ್ಟಿ ಉದ್ದವಿತ್ತು, ಅವನಿಗೆ ಒಂದೂ ಒಗ್ಗಲಿಲ್ಲ.
ಕೊನೆಗೆ ತಾನೇ ಒಂದೊಂದೇ ಕೀಲಿ ಹುಡುಕಿ ಒತ್ತಿದ:
ಊಟ.

ಇನ್ನು ಒಂದೊಂದಾಗಿ. ಬೇರೆ ದಾರಿಯಿಲ್ಲ.
ಬಿರುಗಾಳಿ: ಓತಿಯಾ, ಖಾಲಿ ಬಾಟಲಿ.
ಬೆಂಕಿ: ಚಾಕೊಲೇಟಿನ ಕಾಗದ.
ಹಿಮದಲ್ಲಿ ನಡಿಗೆ: ಚರ್ಮದ ಚೀಲದೊಳಗೆ ಗಂಜಿಹಿಟ್ಟು
(ನಂಬಲಿಲ್ಲ ನಾನು; ಮಾಡಿ ತೋರಿಸಿದ,
ಮೇಜೆಲ್ಲ ಬಿಳಿ).
ನಿನ್ನೆಗೆ ಇನ್ನೂರ ಹನ್ನೆರಡು ಆದವು.

ಇವತ್ತು ಯಂತ್ರ ತಾನಾಗಿ ಬಾಯಿ ಬಿಟ್ಟಿತು:
ಮಳೆ ಮೂರು, ಮಳೆ ನಾಲ್ಕು ಎರಡೂ ಒಂದೇ.
ಒಂದನ್ನು ಅಳಿಸಲೇ?
ಕೇಳಿದೆ. ನನಗೂ ಒಂದೇ ಅನ್ನಿಸಿತು.
"ಮೂರರಲ್ಲಿ ಅಕ್ಕಿ ಒಣಗಿತ್ತು," ಅಂದ ಓತಿಯಾ,
"ನಾಲ್ಕರಲ್ಲಿ ಕೈ ಬೆವರಿತ್ತು."
ಯಾರ ಕೈ, ಹೇಳಲಿಲ್ಲ. ಕಾಲುಚೀಲ ಮಡಿಸುತ್ತ ಕೂತ.

ಬೇಡ ಅಂತ ಒತ್ತಿದೆ.
ಹೊರಗೆ ಸತುವಿನ ಸೂರಿನ ಮೇಲೆ
ನಿಜದ್ದೇ ಶುರುವಾಯಿತು, ದಪ್ಪ ಹನಿ, ಅಡ್ಡಾದಿಡ್ಡಿ.
ಓತಿಯಾ ತಲೆ ಓರೆಮಾಡಿ ಗಳಿಗೆ ಹೊತ್ತು ಆಲಿಸಿದ.

"ಸಾಲದು," ಅಂದ. "ತುಂಬ ಜೋರಾಗಿ ಸುರೀತಿದಾರೆ."